ಭಾಮತ್ತಿಗೆಯ ಅರ್ಧ ಮಾತು

ನಮ್ಮೂರಿಗೆ ಬಂದ ಹೊಸ ಸೊಸೆಗೆ ಮೊದಲು ಪರಿಚಯ ಮಾಡಿಸುವುದು ಮನೆಯ ಹಿರಿಯರನ್ನಲ್ಲ, ಮಿಕ್ಸಿಯನ್ನು. ಅತ್ತೆಯಾದವಳು ಸೊಸೆಯ ಕೈಹಿಡಿದು ನೇರ ಅಡುಗೆಮನೆಗೆ ಕರೆದೊಯ್ದು, "ಇವಳು ನಮ್ಮನೆ ಸೊಸೆ ಕಣಪ್ಪ, ಇನ್ಮೇಲೆ ಇವಳ ಕೈಗೂ ಒಗ್ಗಿಕೋ" ಎಂದು ಹೇಳುತ್ತಾಳೆ. ಅಲ್ಲಿಂದ ಫ್ರಿಜ್ಜಿನ ಹತ್ತಿರ, ಫ್ರಿಜ್ಜಿನಿಂದ ಹೊಲಿಗೆ ಯಂತ್ರದ ಹತ್ತಿರ, ಆಮೇಲೆ ದೇವರಮನೆ. ಈ ಕ್ರಮ ತಪ್ಪಿಸಿದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಹೊರಗಿನ ಊರಿನ ನೆಂಟನೊಬ್ಬ ಮೇಲ್ಪೇಟೆಯ ಒಂದು ಮನೆಯಲ್ಲಿ ಊಟಕ್ಕೆ ಕೂತು, "ಏನ್ರೀ ಈ ಫ್ಯಾನು, ಸೊಳ್ಳೆಗೂ ಗಾಳಿ ಸಾಲಲ್ಲ" ಎಂದು ನಕ್ಕುಬಿಟ್ಟ. ಆ ಫ್ಯಾನು ಇಡೀ ಬೇಸಿಗೆ ತಿರುಗಲಿಲ್ಲ. ಮನೆಯವರು ಬೀಸಣಿಗೆ ಹಿಡಿದು ಅದಕ್ಕೇ ಗಾಳಿ ಬೀಸಿ ಸಮಾಧಾನ ಮಾಡಬೇಕಾಯಿತು.

ಹೀಗಾಗಿ ಯಂತ್ರದ ಮುಂದೆ ಯಂತ್ರವನ್ನು ಹೊಗಳುವುದು ನಮಗೆ ಚಪ್ಪಲಿ ಬಿಟ್ಟು ಒಳಗೆ ಬರುವಷ್ಟೇ ಸಹಜ. ಆಸ್ಪತ್ರೆಯಲ್ಲಿ ರಕ್ತದೊತ್ತಡ ನೋಡುವ ಯಂತ್ರಕ್ಕೆ ನಮಸ್ಕಾರ ಹಾಕದೆ ತೋಳು ಚಾಚಿದವರಿಗೆ ಅದು ಬೇಕೆಂದೇ ಹೆಚ್ಚು ತೋರಿಸುತ್ತದೆ. ನಮ್ಮ ಡಾಕ್ಟರು ರೋಗಿಯ ಸ್ವಭಾವ ನೋಡಿ ಅದರಲ್ಲಿ ಒಂದಿಷ್ಟು ಕಳೆದು ಬರೆದುಕೊಳ್ಳುತ್ತಾರೆ. ಫೋನನ್ನು ಬೈಯಬೇಕೆನಿಸಿದರೆ ಅದನ್ನು ಟವೆಲಿನಲ್ಲಿ ಸುತ್ತಿ, ಅಕ್ಕಿ ಡಬ್ಬದೊಳಗೆ ಹುಗಿದು, ಹಿತ್ತಲಿಗೆ ಬಂದು ಬೈಯುತ್ತಾರೆ. ಮನಸ್ಸಿನಲ್ಲಿರುವುದನ್ನು ಇದ್ದಹಾಗೆ ಹೇಳಲೇಬೇಕೆಂದರೆ ಊರಾಚೆಯ ಮಾವಿನ ತೋಪಿಗೆ ಹೋಗಬೇಕು. ಅಲ್ಲಿ ಒಂದು ಕೈಗಡಿಯಾರವನ್ನೂ ಬಿಡುವುದಿಲ್ಲ. ಭಾನುವಾರ ಸಂಜೆ ತೋಪಿನಲ್ಲಿ ಕಾಲಿಡಲು ಜಾಗ ಸಿಗುವುದಿಲ್ಲ.

ಇಂಥ ಊರಿನಲ್ಲಿ ನಮ್ಮ ಭಾಮತ್ತಿಗೆ ಬಾಳ್ವೆ ಮಾಡಬೇಕಿತ್ತು. ಅವರು ನನ್ನ ಅಣ್ಣನ ಹೆಂಡತಿ, ಊರಿಗೆಲ್ಲ ಭಾಮಕ್ಕ. ಕೆಳಪೇಟೆಯ ಮನೆಯಲ್ಲಿ ಚಟ್ನಿಪುಡಿ ಮಾಡಿ ಮೇಲ್ಪೇಟೆಯಲ್ಲಿ ಮಾರುವುದು ಅವರ ಕಸುಬು. ಅಭಿಪ್ರಾಯ ಹೇಳುವುದು ಅವರ ಉಸಿರಾಟ. ಯಾವ ವಿಷಯವೇ ಇರಲಿ, "ನಂಗೊತ್ತಿಲ್ಲ" ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ. ಒಮ್ಮೆ ಆಡಿದ್ದನ್ನು ಅವರು ವಾಪಸ್ ತೆಗೆದುಕೊಂಡದ್ದನ್ನಂತೂ ನನ್ನ ಅಣ್ಣ ಕನಸಿನಲ್ಲೂ ಕೇಳಿಲ್ಲ.

"ಮಿಕ್ಸಿ ಚಟ್ನಿ ಮಾಡಲ್ಲ ಕಣೇ ವಾರಿಜ, ಚಟ್ನೀನ ಹೆದರಿಸುತ್ತೆ. ಹೆದರಿದ ಕಾಯಿಗೆ ರುಚಿ ಎಲ್ಲಿಂದ ಬರ್ಬೇಕು?" ಎಂದು ಮಿಕ್ಸಿಯ ತಲೆಯ ಮೇಲೆ ಕೈಯಿಟ್ಟುಕೊಂಡೇ ನನಗೆ ಹೇಳುವರು. "ಮೊಬೈಲು ಅಂದ್ರೆ ಜೇಬಲ್ಲಿ ಇಟ್ಕೊಂಡ ಅತ್ತೆ. ಎಲ್ಲಿದ್ದೀಯ, ಯಾರ ಜೊತೆ ಇದ್ದೀಯ, ಯಾಕೆ ಲೇಟು. ನಮ್ಮತ್ತೆ ಮಧ್ಯಾಹ್ನ ಊಟ ಆದ್ಮೇಲಾದ್ರೂ ಮಲಗ್ತಿದ್ರು." "ಕರೆಂಟು ಕಂಡುಹಿಡಿದೋನು ಗಂಡಸೇ. ಹೆಂಗಸಾಗಿದ್ರೆ ಸ್ವಿಚ್ಚನ್ನ ಕದದ ಹಿಂದೆ ಇಡೋಕೆ ಬಿಡ್ತಿದ್ಲಾ?" ವಿಜ್ಞಾನದ ಮೇಲೆ ಅವರಿಗೆ ಗೌರವವಿರಲಿಲ್ಲ ಎಂದಲ್ಲ. ಬೀಗರ ಮೇಲೆ ಇರುವಂಥ ಗೌರವ, ದೂರದಿಂದ ನಮಸ್ಕಾರ, ಹತ್ತಿರ ಬಂದರೆ ದೂರು. "ಭೂಮಿ ತಿರುಗುತ್ತೆ ಅಂತಾರೆ. ತಿರುಗಲಿ, ನಾನೇನು ಬೇಡ ಅಂದ್ನಾ? ಆದ್ರೆ ಇಷ್ಟು ಕಾಲ ತಿರುಗಿದ ಮೇಲೂ ಎಲ್ಲಿಗೆ ಹೋಗ್ಬೇಕು ಅಂತ ಗೊತ್ತಾಗ್ಲಿಲ್ಲ ಅಂದ್ರೆ ಯಾರನ್ನಾದ್ರೂ ದಾರಿ ಕೇಳ್ಬೇಕಿತ್ತು." ಸಮಾಜದ ವಿಷಯಕ್ಕೆ ಬಂದರೆ, ಸಾಲಿನಲ್ಲಿ ನೆಟ್ಟಗೆ ನಿಲ್ಲಲು ಬರುವವರಿಗೆ ಮಾತ್ರ ಓಟು ಕೊಡಬೇಕು ಎಂಬುದು ಅವರ ಗಟ್ಟಿ ನಿಲುವು. "ಆಗ ನೋಡು, ಇಡೀ ಊರಿಂದ ಒಂದೋ ಎರಡೋ ಓಟು ಬೀಳುತ್ತೆ. ಎಣಿಸೋರಿಗೂ ಸುಲಭ."

ನಾನು ಮೇಲ್ಪೇಟೆಯ ಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಆದ್ದರಿಂದ ಹೇಳುತ್ತೇನೆ, ಅತ್ತಿಗೆಯ ಅಭಿಪ್ರಾಯಗಳಲ್ಲಿ ಮುಕ್ಕಾಲು ಪಾಲು ತಪ್ಪು. ಉಳಿದ ಕಾಲು ಪಾಲನ್ನು ಸರಿ ಎನ್ನುವುದಕ್ಕೂ ಧೈರ್ಯ ಬೇಕು. ಆದರೆ ಅವರ ಮಾತು ಕೇಳುತ್ತ ಕೂತವರು ಯಾರೂ ಎದ್ದುಹೋಗುತ್ತಿರಲಿಲ್ಲ. ಇನ್ನೂ ವಿಚಿತ್ರವೆಂದರೆ, ಇಷ್ಟೆಲ್ಲ ಬೈಸಿಕೊಂಡೂ ಅವರ ಮಿಕ್ಸಿ ಒಂದು ದಿನವೂ ಮುನಿಸಿಕೊಂಡದ್ದಿಲ್ಲ. ನನ್ನ ಮಿಕ್ಸಿ ದಿನಾ ಹೊಗಳಿಸಿಕೊಂಡು ಆಗಾಗ ಕೈಕೊಡುತ್ತದೆ. ಅತ್ತಿಗೆಯದು ಹೆದರಿಕೊಂಡು ತಿರುಗುತ್ತದೆ ಎಂದು ಊರು ತೀರ್ಮಾನಿಸಿತ್ತು. ನಾನೂ ಹಾಗೆಯೇ ನಂಬಿದ್ದೆ.

ಈಗ ತೊಟ್ಟಿಲಿನ ವಿಷಯ. ಕೆಳಪೇಟೆಗೂ ಮೇಲ್ಪೇಟೆಗೂ ನಡುವೆ ಒಂದು ಕಣಿವೆ ಇದೆ. ಬಗ್ಗಿ ನೋಡಿದರೆ ತಳದಲ್ಲಿ ಹೊಳೆ ಬಿಳಿ ದಾರದ ಹಾಗೆ ಕಾಣುತ್ತದೆ. ಇಳಿದು ಹತ್ತಿ ಹೋಗುವುದಾದರೆ ಅರ್ಧ ದಿನದ ದಾರಿ. ಅದಕ್ಕೇ ಹಿಂದಿನವರು ಉಕ್ಕಿನ ಹಗ್ಗ ಕಟ್ಟಿ, ಅದಕ್ಕೊಂದು ದೊಡ್ಡ ಪೆಟ್ಟಿಗೆ ತೂಗುಹಾಕಿ, ಎಂಜಿನ್ನಿನಿಂದ ಎಳೆಯುವ ಏರ್ಪಾಡು ಮಾಡಿದರು. ಒಳಗೆ ಎರಡು ಕಡೆ ಬೆಂಚು, ಬಾಗಿಲಿನ ಮೇಲೊಂದು ಹಿತ್ತಾಳೆಯ ಗಂಟೆ. ಗಾಳಿಗೆ ತೂಗುತ್ತ ಹೋಗುವುದರಿಂದ ಜನ ಅದನ್ನು ತೊಟ್ಟಿಲು ಎಂದು ಕರೆದರು. ಊರಿನ ಯಂತ್ರಗಳಲ್ಲೆಲ್ಲ ಹಿರಿಯದು ಅದೇ. ಕೆಳದಡದ ನಿಲ್ದಾಣದಲ್ಲಿ ಅದನ್ನು ನಡೆಸುವ ಹಾಲಪ್ಪ ಬೆಳಿಗ್ಗೆ ಹಗ್ಗಕ್ಕೆ ಬಾಯಿಟ್ಟು, "ಗಜರಾಜ, ಮಹಾರಾಜ, ಹೊರಡು ನನ್ನಪ್ಪ" ಎಂದ ಮೇಲೆಯೇ ಎಂಜಿನ್ನಿನ ಸನ್ನೆಕೋಲು ಎಳೆಯುವುದು. ಹಗ್ಗಕ್ಕೆ ಪಿಸುಗುಟ್ಟಿದ್ದು ತೊಟ್ಟಿಲಿಗೆ ಕೇಳಿಸುತ್ತದೆ. ಒಳಗೆ ಕೂತವರೂ ದಾರಿಯುದ್ದಕ್ಕೂ "ಏನು ಗತ್ತು, ಏನು ನಡೆ" ಎಂದು ಹೊಗಳುತ್ತಿರಬೇಕು. ಅತ್ತಿಗೆ ಮಾತ್ರ ಪುಡಿಯ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಜಗತ್ತಿನ ವಿಷಯಗಳನ್ನೆಲ್ಲ ನನಗೆ ಬಿಡಿಸಿ ಹೇಳುತ್ತಿದ್ದರು. ಯಂತ್ರದ ಸುದ್ದಿಗೆ ಬಂದಾಗಲೆಲ್ಲ ಅಕ್ಕಪಕ್ಕದವರು ಜೋರಾಗಿ ಕೆಮ್ಮಿ ಮಾತನ್ನು ಮುಚ್ಚುತ್ತಿದ್ದರು. ಹೀಗೆ ಕೆಮ್ಮು ಮತ್ತು ಮಾತಿನ ನಡುವೆ ವರ್ಷಗಳು ಸುಖವಾಗಿ ಕಳೆದವು.

ಒಂದು ಸೋಮವಾರ ಯಾರಿಗೂ ಕೆಮ್ಮು ಹೊತ್ತಿಗೆ ಸರಿಯಾಗಿ ಬರಲಿಲ್ಲ. ತೊಟ್ಟಿಲು ಕಣಿವೆಯ ನಡುಭಾಗ ದಾಟಿ, ಇನ್ನೇನು ಮೇಲಿನ ದಡ ಹತ್ತಿರವಾಗುತ್ತಿತ್ತು. ಅತ್ತಿಗೆ ನನ್ನ ಮೊಣಕಾಲು ತಟ್ಟಿ, "ಅಲ್ವೇ ವಾರಿಜ, ಮನುಷ್ಯ ಏನೆಲ್ಲ ಯಂತ್ರ ಮಾಡ್ದ. ರುಬ್ಬೋಕೊಂದು, ಒಗೆಯೋಕೊಂದು, ಹಾರೋಕೊಂದು, ಕೂತಲ್ಲೇ ಕೊಬ್ಬಿಸೋಕೊಂದು. ಆದ್ರೆ ನಿಜವಾಗ್ಲೂ ಬೇಕಾಗಿರೋ ಒಂದು ಯಂತ್ರ ಮಾತ್ರ ಇನ್ನೂ ಯಾರೂ ಮಾಡಿಲ್ಲ. ಅದು ಯಾವ್ದು ಗೊತ್ತಾ..." ಎಂದರು.

ತೊಟ್ಟಿಲು ಗಕ್ಕನೆ ನಿಂತಿತು. ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದೆವು. ಮರುಕ್ಷಣವೇ ಯಾರ್ಯಾರದೋ ಕೈಗಳು ಅತ್ತಿಗೆಯ ಬಾಯಿ ಮುಚ್ಚಿದವು. "ಮುನಿಸ್ಕೊಂಡ್ತು, ಮುನಿಸ್ಕೊಂಡ್ತು!" ಎಂದು ಒಬ್ಬರು ಅಳತೊಡಗಿದರು. ಹೊಗಳಿದೆವು, ಹಾಡಿದೆವು, ಯಾರೋ ಗಂಟೆಗೆ ಕುಂಕುಮ ಹಚ್ಚಿದರು. ತೊಟ್ಟಿಲು ಜಪ್ಪಯ್ಯ ಎನ್ನಲಿಲ್ಲ. ಕೊನೆಗೆ ಮೇಲ್ಪೇಟೆಯ ಗಂಡಸರು ಹೆಂಗಸರೆಲ್ಲ ಸೇರಿ ಹಗ್ಗ ಹಿಡಿದು ಕೈಯಿಂದಲೇ ನಮ್ಮನ್ನು ದಡಕ್ಕೆ ಎಳೆದುಕೊಳ್ಳುವ ಹೊತ್ತಿಗೆ ಶಾಲೆ ಬಿಟ್ಟಿತ್ತು.

ಮಾರನೆಯ ದಿನ ಮಾವಿನ ತೋಪಿನಲ್ಲಿ ಸಭೆ ಸೇರಿತು. ಅಧ್ಯಕ್ಷತೆ ಪುರಸಭೆಯ ಮಲ್ಲಾರಾಧ್ಯರದು. ಮಲ್ಲಾರಾಧ್ಯರ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರು ಇಷ್ಟು ವರ್ಷ ಅಧ್ಯಕ್ಷರಾಗಿ ಉಳಿದದ್ದು ಯಾವ ವಿಷಯದಲ್ಲೂ ಅಭಿಪ್ರಾಯ ಇಟ್ಟುಕೊಳ್ಳದೆ. ಇಬ್ಬರು ಜಗಳವಾಡಿಕೊಂಡು ಹೋದರೆ, "ಇವರದ್ದೂ ಸರಿ ಇದೆ, ಅವರದ್ದೂ ಸರಿ ಇದೆ" ಎಂದು ಇಬ್ಬರಿಗೂ ಕಾಫಿ ಕೊಟ್ಟು ಕಳಿಸುವರು. ಅವತ್ತು ಅವರು ಬಹಳ ನಯವಾಗಿ, "ಭಾಮಕ್ಕ, ನಿಮ್ಮದೂ ಸರಿ ಇರಬಹುದು, ತೊಟ್ಟಿಲಿನದೂ ಸರಿ ಇರಬಹುದು. ಆಡಿದ ಮಾತು ವಾಪಸ್ ತಗೊಂಡುಬಿಡಿ, ಇಲ್ಲಿಗೆ ಮುಗೀತು" ಎಂದರು.

"ಮಾತು ಇನ್ನೂ ಮುಗಿದೇ ಇಲ್ವಲ್ಲ ಸ್ವಾಮಿ, ಹೇಗೆ ವಾಪಸ್ ತಗೊಳ್ಳಿ?" ಎಂದರು ಅತ್ತಿಗೆ. "ಅರ್ಧ ಬೆಂದ ಅನ್ನಾನ ಮತ್ತೆ ಅಕ್ಕಿ ಮಾಡಿ ಕೊಡ್ತೀರಾ? ಮುಗಿಸೋಕೆ ಬಿಡಿ, ಆಮೇಲೆ ಯೋಚಿಸೋಣ."

ಮುಗಿಸಲು ಯಾರೂ ಬಿಡಲಿಲ್ಲ. ತೋಪಿನಲ್ಲೂ ಬೇಡ, ಗಾಳಿ ಊರ ಕಡೆಗೇ ಬೀಸುತ್ತಿದೆ ಎಂದರು. ಮಾತು ವಾಪಸ್ ಪಡೆಯುವವರೆಗೆ ಭಾಮಕ್ಕ ಯಾವ ಯಂತ್ರದ ಕಿವಿಗೂ ಬೀಳುವಂತೆ ಅಭಿಪ್ರಾಯ ಹೇಳಕೂಡದು ಎಂದು ತೀರ್ಮಾನವಾಯಿತು. ಊರಿನಲ್ಲಿ ಯಂತ್ರವಿಲ್ಲದ ಜಾಗ ಯಾವುದಿದೆ? ಎಲ್ಲರ ಮನೆಯಲ್ಲೂ ಗೋಡೆ ಗಡಿಯಾರ, ಎಲ್ಲರ ಜೇಬಿನಲ್ಲೂ ಫೋನು. ಅಂದರೆ ಬಾಯಿ ಹೊಲಿದುಕೊಂಡು ಬದುಕು ಎಂದಂತಾಯಿತು. ಒಂದೇ ಒಂದು ಮಾತು, "ತಪ್ಪಾಯ್ತು" ಎಂದರೆ ಎಲ್ಲ ಮೊದಲಿನಂತಾಗುತ್ತಿತ್ತು. ಅತ್ತಿಗೆ ಬುಟ್ಟಿ ಎತ್ತಿಕೊಂಡು, "ಆಗ್ಲಿ, ಸುಮ್ನಿರ್ತೀನಿ" ಎಂದರು. ನನ್ನ ಅಣ್ಣ ಪಕ್ಕದಲ್ಲಿದ್ದವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡದ್ದು ನನಗೆ ಕಾಣಿಸಿತು.

ತೊಟ್ಟಿಲು ಹೇಗೋ ಮತ್ತೆ ಓಡತೊಡಗಿತ್ತು. ಹಾಲಪ್ಪನಿಗೆ ಒಂದು ಉಪಾಯ ಹೊಳೆಯಿತು. ಅತ್ತಿಗೆ ತೊಟ್ಟಿಲು ಹತ್ತುವ ಮೊದಲು ಅವನೇ ದೊಡ್ಡದೊಂದು ಎಲೆಅಡಿಕೆ ಮಡಿಸಿ ಬಾಯಿಗೆ ಕೊಡುವನು. "ಬೇಜಾರು ಮಾಡ್ಕೋಬೇಡ್ರಕ್ಕ, ಬಾಯಿ ತುಂಬಿದ್ರೆ ಮಾತು ಜಾರಲ್ಲ." ಅತ್ತಿಗೆ ತುಟಿ ಕೆಂಪಗೆ ಮಾಡಿಕೊಂಡು, ಕೆನ್ನೆ ಉಬ್ಬಿಸಿಕೊಂಡು, ಕಿಟಕಿಯಾಚೆ ನೋಡುತ್ತ ಕೂರುವರು. ಮೊದಮೊದಲು ಎಲ್ಲರಿಗೂ ಹಾಯೆನಿಸಿತು. ಆಮೇಲೆ ಆ ಅರ್ಧ ಮಾತು ಊರನ್ನು ತಿನ್ನತೊಡಗಿತು. ಇನ್ನೂ ಯಾರೂ ಮಾಡದ ಆ ಯಂತ್ರ ಯಾವುದು? ಅಂಗಡಿಯಲ್ಲಿ, ಕ್ಷೌರಕ್ಕೆ ಕೂತಾಗ, ಹೆರಿಗೆ ವಾರ್ಡಿನಲ್ಲಿ, ಎಲ್ಲ ಕಡೆ ಅದೇ ಪಿಸುಮಾತು. ನನ್ನನ್ನು ಶಾಲೆಯ ಹೆಡ್‌ಮಾಸ್ಟರು ಪಕ್ಕಕ್ಕೆ ಕರೆದು, "ನಿಮಗಾದ್ರೂ ಹೇಳಿರಬೇಕಲ್ಲ ಮೇಡಂ?" ಎಂದು ಕೇಳಿದರು. ಅವರ ಮನೆಗೆ ಹೋಗಿ ಕೇಳಿದರೆ ಅತ್ತಿಗೆ ಗೋಡೆ ಗಡಿಯಾರದ ಕಡೆ ಬೆರಳು ತೋರಿಸಿ ಸುಮ್ಮನಾಗುವರು.

ಅಷ್ಟರಲ್ಲಿ ತೊಟ್ಟಿಲು ನಿಧಾನವಾಗತೊಡಗಿತು. ಓಡುತ್ತಿದ್ದದ್ದು ನಡೆಯಿತು, ನಡೆಯುತ್ತಿದ್ದದ್ದು ತೆವಳಿತು. ಹಳೆಯ ಮುನಿಸು ಇನ್ನೂ ಇಳಿದಿಲ್ಲ ಎಂದು ಜನ ಹೊಗಳಿಕೆ ಹೆಚ್ಚಿಸಿದರು. ಕಿಟಕಿಗೆ ಹಾರ, ಗಂಟೆಗೆ ಹಾರ, ಹಗ್ಗದ ಉದ್ದಕ್ಕೂ ಚೆಂಡುಹೂವು. "ನಿನ್ನಂಥ ತೊಟ್ಟಿಲು ಮೂರು ಲೋಕದಲ್ಲಿಲ್ಲ" ಎಂದು ಬೆಳಿಗ್ಗೆ ಒಬ್ಬರು, "ಮೂರಲ್ಲ, ಹದಿನಾಲ್ಕು" ಎಂದು ಸಂಜೆ ಇನ್ನೊಬ್ಬರು. ಹೊಗಳಿದಷ್ಟೂ ಅದು ಸೊರಗುತ್ತ ಹೋಯಿತು. ಅತ್ತಿಗೆಯ ಮನೆಯ ಮಿಕ್ಸಿಯೂ ಒಂದು ದಿನ ಗುರ್ ಎಂದು ನಿಂತುಹೋಯಿತು. ಅವರು ಏನೂ ಹೇಳದೆ ಒರಳುಕಲ್ಲನ್ನು ತೊಳೆದು ಮುಂದೆ ಎಳೆದುಕೊಂಡರು.

ನಿಜ ಹೇಳಲೇ? ನನಗೆ ಹೆದರಿಕೆಯಾಗಿತ್ತು, ತೊಟ್ಟಿಲಿಗಾಗಿ ಅಲ್ಲ. ಅತ್ತಿಗೆಯ ಮಾತು ಒಳಗೊಳಗೇ ಇಂಗುತ್ತಿತ್ತು. ಉಪ್ಪಿನ ಡಬ್ಬ ಬೇಕಾದರೆ "ಅದು ಕೊಡೇ" ಎನ್ನುವರು. ಎಳ್ಳು ಹುರಿಯುತ್ತ ಕೂತು ಎಳ್ಳಿಗೆ ಏನೆನ್ನುತ್ತಾರೆಂದು ಮರೆತು ನನ್ನ ಮುಖ ನೋಡಿದ ದಿನ ನಾನು ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ. ನನ್ನ ಜೀವಮಾನವೆಲ್ಲ ಆ ಬಾಯಿ ಒಂದು ಕ್ಷಣ ಮುಚ್ಚಿದ್ದರೆ ಸಾಕು ಎಂದುಕೊಂಡವಳು ನಾನು.

ಹೀಗಿರುವಾಗ ಮಲ್ಲಾರಾಧ್ಯರ ಮಗ ಶಶಿಧರನ ಮದುವೆ ಬಂತು. ಹೆಣ್ಣು ಮೇಲ್ಪೇಟೆಯ ಚಂದ್ರಕಲಾ, ನನ್ನ ಹಳೆಯ ವಿದ್ಯಾರ್ಥಿನಿ. ಬೆಳಿಗ್ಗೆ ಗಂಡಿನ ಕಡೆಯವರು ಪೇಟ, ಶಾಲು, ವಾಲಗ ಸಮೇತ ತೊಟ್ಟಿಲು ತುಂಬಿದರು. ಮುಂದಿನ ಸರದಿಗೆ ನಾನು, ಅಣ್ಣ, ಅತ್ತಿಗೆ ಕೆಳದಡದ ನಿಲ್ದಾಣದಲ್ಲಿ ನಿಂತಿದ್ದೆವು. ಮಲ್ಲಾರಾಧ್ಯರು ಕೊರಳ ತುಂಬ ಹಾರ ಹಾಕಿಕೊಂಡು ಕಿಟಕಿಯಿಂದ ಕೈ ಬೀಸಿದರು. ಹಾಲಪ್ಪ ಮಹಾರಾಜ, ಚಕ್ರವರ್ತಿ, ಎಂದೆಲ್ಲ ಹಗ್ಗಕ್ಕೆ ಉಸುರಿ ಸನ್ನೆ ಎಳೆದ. ತೊಟ್ಟಿಲು ತೆವಳಿತು, ತೆವಳಿತು, ನಡುಭಾಗ ದಾಟಿ ಆ ಸೋಮವಾರ ನಿಂತಲ್ಲೇ ಬಂದು ನಿಂತುಬಿಟ್ಟಿತು. ಒಳಗೆ ವಾಲಗದವರು ಸ್ವಲ್ಪ ಹೊತ್ತು ಮಂಗಳವಾದ್ಯ ನುಡಿಸಿದರು, ಆಮೇಲೆ ಅವರ ಕೈಯೂ ನಿಧಾನವಾಯಿತು. ಆಚೆ ದಡದಲ್ಲಿ ಮದುಮಗಳೇ ಓಡಿಬಂದು ತಡೆಗೋಡೆಗೆ ಒರಗಿ ನಿಂತಳು. ಕಣಿವೆ ಕಿರಿದು, ಕೂಗಿದರೆ ಆ ದಡದ ಮಾತು ಈ ದಡಕ್ಕೆ ಕೇಳುತ್ತದೆ. "ಕೈಯಿಂದ ಎಳೆಯೋಷ್ಟು ಹೊತ್ತಿಲ್ಲ, ಮುಹೂರ್ತ ಮೀರ್ತಿದೆ!" ಎಂದು ಅಲ್ಲಿಂದ ಪುರೋಹಿತರು ಕೂಗಿದರು.

ತೊಟ್ಟಿಲಿನಿಂದ ಮಲ್ಲಾರಾಧ್ಯರ ಧ್ವನಿ ತೇಲಿಬಂತು. "ಹಾಲಪ್ಪಾ! ಭಾಮಕ್ಕ ಇದ್ದಾರಾ? ಹಗ್ಗದ ಹತ್ರ ಕರ್ಕೊಂಡು ಹೋಗು! ಮಾತು ವಾಪಸ್ ತಗೊಳ್ಳೋಕೆ ಹೇಳು, ಕಾಲಿಗೆ ಬೀಳ್ತೀನಿ!"

ಅತ್ತಿಗೆ ಎಲೆಅಡಿಕೆ ಉಗಿದು, ಬಾಯಿ ಮುಕ್ಕಳಿಸಿ, ಕಟ್ಟೆ ಹತ್ತಿ ಹಗ್ಗದ ಬಳಿ ನಿಂತರು. ಅವರ ನೆರಳು ಹಗ್ಗದ ಮೇಲೆ ಬಿದ್ದದ್ದೇ ತಡ, ಅಲ್ಲಿ ತೊಟ್ಟಿಲಿನ ಗಂಟೆ ತಾನಾಗಿ ಠಣಠಣ ಬಾರಿಸಿತು. ಸಿಟ್ಟಿನ ಸದ್ದಲ್ಲ ಅದು. ಬಹಳ ದಿನದ ಮೇಲೆ ಮನೆಗೆ ಬಂದವರನ್ನು ಕಂಡು ಕರು ಎಗರಾಡುವ ಹಾಗಿತ್ತು. ನನ್ನ ತಲೆಯಲ್ಲಿ ಏನೋ ತಟ್ಟನೆ ಕೂಡಿಕೊಂಡಿತು. ಹೆದರಿಕೊಂಡೇ ತಿರುಗುತ್ತಿದ್ದರೆ ಆ ಮಿಕ್ಸಿ, ಬೈಗುಳ ನಿಂತ ಮೇಲೆ ಹಾಯಾಗಿ ತಿರುಗಬೇಕಿತ್ತಲ್ಲ? ನಿಂತದ್ದೇಕೆ? ತೊಟ್ಟಿಲು ಅವತ್ತು ನಿಂತದ್ದೂ ಮುನಿಸಿನಿಂದಲ್ಲ. ದಡ ಹತ್ತಿರ ಬರುತ್ತಿತ್ತು, ಮಾತು ಮುಗಿದಿರಲಿಲ್ಲ. ಪೂರ್ತಿ ಕೇಳಬೇಕೆಂದು ನಿಂತಿತ್ತು, ಅಷ್ಟೇ. ನಾವು ಬಾಯಿ ಮುಚ್ಚಿಬಿಟ್ಟೆವು.

"ಅತ್ತಿಗೆ, ವಾಪಸ್ ತಗೋಬೇಡಿ!" ಎಂದು ನಾನು ಕಿರುಚಿದೆ. "ಅವತ್ತಿನ ಮಾತು ಮುಗಿಸಿ! ಅದು ಕಾಯ್ತಾ ಇದೆ!" ನಿಲ್ದಾಣದಲ್ಲಿದ್ದವರೆಲ್ಲ ನನಗೆ ಹುಚ್ಚು ಹಿಡಿಯಿತೇನೋ ಎಂದು ನೋಡಿದರು. ಅತ್ತಿಗೆ ಮಾತ್ರ ನನ್ನನ್ನೇ ಒಂದು ಗಳಿಗೆ ದಿಟ್ಟಿಸಿ, ಹಗ್ಗಕ್ಕೆ ಬಾಯಿಟ್ಟರು. "ಮನುಷ್ಯ ಏನೆಲ್ಲ ಯಂತ್ರ ಮಾಡ್ದ. ಆದ್ರೆ ನಿಜವಾಗ್ಲೂ ಬೇಕಾಗಿರೋ ಒಂದು ಯಂತ್ರ ಮಾತ್ರ ಇನ್ನೂ ಯಾರೂ ಮಾಡಿಲ್ಲ. ಅದು ಯಾವ್ದು ಅಂದ್ರೆ..." ಇಡೀ ಊರು ಉಸಿರು ಹಿಡಿಯಿತು. ಆಚೆ ದಡದಲ್ಲಿ ಪುರೋಹಿತರೂ ಕಿವಿಗೆ ಕೈಯಿಟ್ಟರು. ಅತ್ತಿಗೆಯ ತುಟಿ ಅಲುಗಿತು, ಮತ್ತೆ ಅಲುಗಿತು. ಅವರು ನಿಧಾನವಾಗಿ ತಲೆಯೆತ್ತಿದರು. ಕಣ್ಣಲ್ಲಿ ನೀರು. "ಮರ್ತೋಯ್ತು ಕಣೇ, ವಾರಿಜ."

ಎಲ್ಲವೂ ಗೊತ್ತಿದ್ದ ನಮ್ಮ ಅತ್ತಿಗೆ ಊರೆಲ್ಲರ ಮುಂದೆ ಬರಿಗೈಯಲ್ಲಿ ನಿಂತಿದ್ದರು. ಹಾಲಪ್ಪ, ಪಾಪ, ಅವರನ್ನು ಸಮಾಧಾನ ಮಾಡಲೆಂದು ಅಳುಕುತ್ತ, "ಎಲೆಅಡಿಕೆ ಮಡ್ಸೋ ಯಂತ್ರ ಇರ್ಬೌದಾ ಅಕ್ಕ? ನಂಗಂತೂ ಅದೇ ಬೇಕಾಗಿರೋದು" ಎಂದ.

ತೊಟ್ಟಿಲು ಒಂದು ಮೊಳ ಮುಂದೆ ಹೋಯಿತು.

ನಾವೆಲ್ಲ ಕಣ್ಣುಜ್ಜಿಕೊಂಡೆವು. ಅತ್ತಿಗೆ ಸೆರಗಿನಿಂದ ಮೂಗೊರೆಸಿಕೊಂಡು ಹಾಲಪ್ಪನ ಕಡೆ ತಿರುಗಿದರು. "ಥೂ, ಅದೂ ಒಂದು ಯಂತ್ರಾನಾ? ಎಲೆಗೆ ಸುಣ್ಣ ಹಚ್ಚೋ ಬೆರಳಿನ ರುಚಿ ಯಂತ್ರಕ್ಕೆ ಬರುತ್ತೇನೋ?" ತೊಟ್ಟಿಲು ಇನ್ನೆರಡು ಮೊಳ ಹೋಯಿತು. ಅತ್ತಿಗೆಯ ಧ್ವನಿಗೆ ಹಳೆಯ ಖಾರ ಬಂದಿತ್ತು. "ಮಾತಾಡಿ ಎಲ್ಲ!" ಎಂದು ಅಣ್ಣ ಎಗರಿಬಿದ್ದ. ನನ್ನ ಅಣ್ಣ ಜೋರಾಗಿ ಮಾತಾಡಿದ್ದನ್ನು ನಾನ್ಯಾವತ್ತೂ ಕೇಳಿರಲಿಲ್ಲ. "ಹೊಗಳ್ಬೇಡಿ! ನಿಮಗೆ ಅನ್ನಿಸಿದ್ದನ್ನ ಹೇಳಿ! ನಂಗೆ ಕೇಳಿದ್ರೆ, ಬೇಕಾಗಿರೋದು ಕಳೆದ ಕನ್ನಡಕ ತಾನಾಗೇ ಕೂಗಿ ಕರೆಯೋ ಯಂತ್ರ!"

ಆಮೇಲೆ ನಡೆದದ್ದನ್ನು ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆ ಹಿಡಿದುಕೊಂಡು ನಗು ಬರುತ್ತದೆ. ವರ್ಷಾನುಗಟ್ಟಲೆ ತೋಪಿಗೆ ಹೊತ್ತೊಯ್ಯುತ್ತಿದ್ದ ಮಾತೆಲ್ಲ ಅಲ್ಲೇ ಒಡೆದು ಹರಿಯಿತು. ನಿಲ್ದಾಣದಲ್ಲಿ ನಿಂತಿದ್ದ ಡಾಕ್ಟರು, ರಕ್ತದೊತ್ತಡದ ಯಂತ್ರ ಶುದ್ಧ ಚಾಡಿಕೋರ ಎಂದು ಕೂಗಿದರು. ವಾಷಿಂಗ್ ಮೆಷಿನ್ನು ಒಂದು ಕಾಲುಚೀಲವನ್ನು ಕಡ್ಡಾಯವಾಗಿ ತಿನ್ನುತ್ತದೆ ಎಂದು ಒಬ್ಬರು, ಟಿ.ವಿ.ಯಲ್ಲಿ ಹವಾಮಾನ ಹೇಳುವವರು ಒಮ್ಮೆ ಕಿಟಕಿಯಿಂದಾಚೆ ನೋಡಬೇಕು ಎಂದು ಇನ್ನೊಬ್ಬರು. ಆಚೆ ದಡದಿಂದ ಚಂದ್ರಕಲಾ ಎರಡೂ ಕೈ ಬಾಯಿಗಿಟ್ಟು, "ಆ ವಿಡಿಯೋದವರು ಬೆಳಗಿಂದ ಕೋಳಿ ಥರ ನನ್ನ ಕತ್ತು ತಿರುಗಿಸ್ತಾ ಇದ್ದಾರೆ! ಮದ್ವೆ ನಂದೋ ಕ್ಯಾಮೆರಾದ್ದೋ?" ಎಂದಳು. ಪ್ರತಿ ಮಾತಿಗೂ ತೊಟ್ಟಿಲು ಒಂದೊಂದು ಹೆಜ್ಜೆ. ಒಳಗಿದ್ದವರೂ ಶುರುಮಾಡಿದರು. ಶಶಿಧರ, "ಈ ಪೇಟ ಕಚ್ಚುತ್ತೆ!" ಎಂದು ಕಿರುಚಿದ. "ಅದು ದೂರು ಕಣಯ್ಯ, ಅಭಿಪ್ರಾಯ ಅಲ್ಲ!" ಎಂದು ಅತ್ತಿಗೆ ಈ ದಡದಿಂದ ತಿದ್ದಿದರು. "ಹಾಗಾದ್ರೆ, ಮದ್ವೆಗೆ ಪೇಟ ಬೇಕಾಗಿಲ್ಲ, ತಲೆ ಸಾಕು!" ತೊಟ್ಟಿಲು ಎಗರಿ ಮುಂದೆ ಹೋಯಿತು. ಡೋಲಿನವನು ತನ್ನ ಅಭಿಪ್ರಾಯವನ್ನು ಡೋಲಿನಲ್ಲೇ ಹೇಳಿದ. ಅದಕ್ಕೂ ಒಂದು ಗೇಣು ಸಿಕ್ಕಿತು.

ಮೇಲಿನ ದಡ ಕೈಗೆಟುಕುವಷ್ಟು ಹತ್ತಿರ ಬಂದು ತೊಟ್ಟಿಲು ಮತ್ತೆ ನಿಂತಿತು. ಒಳಗೆ ಎಲ್ಲರೂ ಹೇಳಿ ಮುಗಿಸಿದ್ದರು, ಒಬ್ಬರನ್ನು ಬಿಟ್ಟು. ಎಲ್ಲರ ಕಣ್ಣು ಮಲ್ಲಾರಾಧ್ಯರ ಮೇಲೆ ಬಿತ್ತು ಎಂದು ಒಳಗಿದ್ದವರು ಆಮೇಲೆ ಹೇಳಿದರು. "ನಂದೇನಿದೆ," ಎಂದರು ಅವರು ಬೆವರು ಒರೆಸಿಕೊಳ್ಳುತ್ತ, "ಎಲ್ಲರೂ ಹೇಳಿದ್ದು ಸರಿಯಾಗೇ ಇದೆ." ತೊಟ್ಟಿಲು ಒಂದು ಗೇಣು ಹಿಂದೆ ಸರಿಯಿತು. "ಅಪ್ಪಾ!" ಎಂದು ಶಶಿಧರ ಅಂಗಲಾಚಿದ. ಮಲ್ಲಾರಾಧ್ಯರ ಮುಖ ಕೆಂಪಾಯಿತು, ಬೆಳ್ಳಗಾಯಿತು. ಎರಡು ಕೈಯಿಂದ ಕೊರಳ ಹಾರ ಹಿಡಿದುಕೊಂಡು ಅವರು ಇದ್ದಕ್ಕಿದ್ದಂತೆ ಕೂಗಿದರು. "ನಂಗೆ ಈ ಹಾರ ಕಂಡ್ರೆ ಆಗಲ್ಲ! ಯಾವತ್ತೂ ಆಗ್ತಿರ್ಲಿಲ್ಲ! ಕತ್ತೆಲ್ಲ ಇರುವೆ ಹತ್ತುತ್ತೆ!" ಎಂದವರೇ ಹಾರ ಕಿತ್ತು ಕಣಿವೆಗೆ ಎಸೆದರು.

ತೊಟ್ಟಿಲು ಒಮ್ಮೆ ಮೈ ಕೊಡವಿತು. ಕಿಟಕಿಯ ಹಾರ, ಗಂಟೆಯ ಹಾರ, ಹಗ್ಗದ ಚೆಂಡುಹೂವು ಎಲ್ಲ ಕಳಚಿ, ಮಲ್ಲಾರಾಧ್ಯರ ಹಾರದ ಹಿಂದೆಯೇ ಹಳದಿ ಮಳೆಯಾಗಿ ಹೊಳೆಗೆ ಸುರಿದವು. ಪಾಪ, ಅದಕ್ಕೂ ಅಷ್ಟು ದಿನ ಇರುವೆ ಕಚ್ಚಿರಬೇಕು. ಮರುಕ್ಷಣ ಅದು ದಡಕ್ಕೆ ಬಡಿದು ನಿಂತಿತು. ಚಂದ್ರಕಲಾ ಶಶಿಧರನ ಪೇಟವನ್ನು ಕಿತ್ತು ಪುರೋಹಿತರ ಕೈಗೆ ಕೊಟ್ಟು, ಅವನನ್ನು ಎಳೆದುಕೊಂಡು ಮಂಟಪದ ಕಡೆ ಓಡಿದಳು. ಮುಹೂರ್ತ ಸಿಕ್ಕಿತು. ಊಟಕ್ಕೆ ಕೂತಾಗ ಮಲ್ಲಾರಾಧ್ಯರು ಪಂಕ್ತಿಯುದ್ದಕ್ಕೂ ಓಡಾಡುತ್ತ, ಕೇಳಿದವರಿಗೂ ಕೇಳದವರಿಗೂ ಅಭಿಪ್ರಾಯ ಹಂಚುತ್ತಿದ್ದರು. ಅವರನ್ನು ನಿಲ್ಲಿಸುವುದೇ ಕಷ್ಟವಾಯಿತು.

ಮಾರನೆಯ ಬೆಳಿಗ್ಗೆ ಅತ್ತಿಗೆ ಎಲೆಅಡಿಕೆ ಇಲ್ಲದೆ ತೊಟ್ಟಿಲು ಹತ್ತಿದರು. ಹಾಲಪ್ಪ ಮಹಾರಾಜ ಗಿಹಾರಾಜ ಏನೂ ಅನ್ನದೆ, "ಹೊರಡೋ, ಭಾಮಕ್ಕ ಬಂದ್ರು" ಎಂದಷ್ಟೇ ಹೇಳಿ ಸನ್ನೆ ಎಳೆದ. ತೊಟ್ಟಿಲು ಎಂದೂ ಇಲ್ಲದ ಹುರುಪಿನಿಂದ ಹೊರಟಿತು. ಕಣಿವೆಯ ನಡುವೆ ಬಂದಾಗ ಅತ್ತಿಗೆ ಹಣೆ ಚಚ್ಚಿಕೊಂಡರು. "ಹಾಂ! ನೆನಪಾಯ್ತು ಕಣೇ!"

ತೊಟ್ಟಿಲು ಗಕ್ಕನೆ ನಿಂತಿತು. ಈ ಸಲ ಯಾರೂ ಕಿರುಚಲಿಲ್ಲ. ಬೆಂಚಿನ ಮೇಲೆ ಎಲ್ಲರೂ ಸರಿಯಾಗಿ ಕೂತುಕೊಂಡರು. ಒಬ್ಬಾಕೆ ತಿಂಡಿ ಡಬ್ಬಿ ಬಿಚ್ಚಿದರು.

"ಬೇಕಾಗಿರೋ ಯಂತ್ರ ಯಾವ್ದು ಅಂದ್ರೆ," ಎಂದರು ಅತ್ತಿಗೆ, "ಸುಮ್ನೆ ಜೊತೆಗಿರೋ ಯಂತ್ರ. ರುಬ್ಬೋದೂ ಬೇಡ, ಹಾರೋದೂ ಬೇಡ. ನಮ್ಮ ಮಾತು ಕೇಳ್ತಾ, ನಾವು ಬರೋ ದಾರಿ ಕಾಯ್ತಾ, ಬರದಿದ್ರೆ ಒಂದಿಷ್ಟು ಸೊರಗ್ತಾ. ಅಂಥದ್ದೊಂದನ್ನ ಇಷ್ಟು ದೊಡ್ಡ ವಿಜ್ಞಾನ ಇನ್ನೂ ಮಾಡೇ ಇಲ್ಲ ನೋಡು."

ಗಾಳಿ ಮಾತ್ರ ಸುಯ್ಯೆನ್ನುತ್ತಿತ್ತು. ಬಾಗಿಲಿನ ಮೇಲಿನ ಗಂಟೆ ಒಂದೇ ಒಂದು ಸಲ, ಬಹಳ ಮೆಲ್ಲಗೆ, ಠಣ್ ಎಂದಿತು.

ಅತ್ತಿಗೆ ತಲೆಯೆತ್ತಿ ಗಂಟೆಯನ್ನು ನೋಡಿದರು. ನೋಡುತ್ತಲೇ ಇದ್ದರು. ಆಮೇಲೆ ಕೈ ಚಾಚಿ ತೊಟ್ಟಿಲಿನ ಗೋಡೆಯನ್ನು ಸವರಿ, ಇಡೀ ಊರು ಸೇರಿಯೂ ಅವರ ಬಾಯಿಂದ ಹೊರಡಿಸಲಾಗದ ಮಾತನ್ನು ತಾವಾಗಿಯೇ ಹೇಳಿದರು. "ತಪ್ಪಾಯ್ತು ಮಾರಾಯ. ಆ ಮಾತು ವಾಪಸ್ ತಗೊಂಡೆ."

ನನಗೆ ಇಂಥದ್ದೊಂದನ್ನು ಕೇಳಿಸಿಕೊಳ್ಳಲು ಅಣ್ಣ ಅಲ್ಲಿರಲಿಲ್ಲವಲ್ಲ ಎಂದು ಒಂದೇ ಬೇಜಾರು. ಹೇಳಿದರೂ ಅವನು ನಂಬುವುದಿಲ್ಲ.

"ಸರಿ, ಇನ್ನು ಹೊರಡು" ಎಂದರು ಅತ್ತಿಗೆ. ತೊಟ್ಟಿಲು ಅಲುಗಲಿಲ್ಲ. ಅವರು ಬುಟ್ಟಿಯನ್ನು ತೊಡೆಯ ಮೇಲೆ ನೆಟ್ಟಗಿಟ್ಟುಕೊಂಡು, "ಓಹೋ, ಹಾಗಾ? ಹಾಗಾದ್ರೆ ಕೇಳು, ಈ ಚಂದ್ರನ ವಿಷಯ ತಗೋ..." ಎಂದು ಶುರುಮಾಡಿದರು. ಆಗ ತೊಟ್ಟಿಲು ಹೊರಟಿತು, ತುಂಬ ನಿಧಾನವಾಗಿ, ದಡ ಆದಷ್ಟು ತಡವಾಗಿ ಬರಲಿ ಎನ್ನುವ ಹಾಗೆ.